ಹಸಿರು ಪುಸ್ತಕದ ಕೊನೆಯ ಖಾನೆ

ಆಗಸ್ಟ್ 3, 2009, ಸೋಮವಾರ

ಈ ಡೈರಿ ಹೋದ ವರ್ಷದ್ದು. ನಮ್ಮವರು ಕೆಲಸ ಮಾಡುವ ಪೀಣ್ಯದ ಲೇತ್ ಶಾಪಿನಲ್ಲಿ ಕೊಟ್ಟಿದ್ದು. ತಾರೀಖು ಸರಿ, ವಾರ ತಪ್ಪು. ಅಚ್ಚಾದ ವಾರವನ್ನು ಹೊಡೆದು ಮೇಲೆ ನಾನೇ ಬರೆದುಕೊಳ್ಳುತ್ತಿದ್ದೇನೆ.

"ದಿನಾ ನಾಲ್ಕು ಸಾಲು ಏನಾದ್ರೂ ಬರಿ ಶಾಂತಿ, ಅಕ್ಷರಕ್ಕೆ ಕೈ ಕೂರತ್ತೆ" ಅಂದರು ನಮ್ಮ ಕೇಂದ್ರ ನಡೆಸುವ ವಾಸಂತಿ ಮೇಡಂ. ಏಳನೇ ಕ್ಲಾಸಿನ ಅರ್ಧದಲ್ಲಿ ಎದ್ದು ಬಂದ ಕೈ, ಇಪ್ಪತ್ತೆಂಟು ವರ್ಷ ಆದ ಮೇಲೆ ಎಲ್ಲಿ ಕೂರುತ್ತದೆ. ಆದರೂ ಬರೆಯಲೇಬೇಕು. ಎಂಟು ವರ್ಷ ಕೇಂದ್ರದಲ್ಲಿ ಕಸ ಗುಡಿಸಿ ಅನ್ನ ಬಸಿದು ಇದ್ದವಳಿಗೆ ಇವತ್ತಿನಿಂದ ಹಗಲಿನ ಫೋನ್ ಕೊಟ್ಟಿದ್ದಾರೆ. ಫೋನಿನ ಪಕ್ಕ ಹಸಿರು ರಟ್ಟಿನ ಪುಸ್ತಕ.

ನಮ್ಮ ಗೇಟಿನ ಬೋರ್ಡಿನಲ್ಲಿ ಇರುವುದು 'ಹೊಲಿಗೆ ತರಬೇತಿ' ಅಂತ. ಒಳಗೆ ಎರಡು ಮೆಷಿನ್ ಇವೆ, ಸುಳ್ಳಲ್ಲ. ಆದರೆ ಒಳಗಿರುವ ಹನ್ನೊಂದು ಹೆಂಗಸರು ಹೊಲಿಗೆಗೆ ಬಂದವರಲ್ಲ. ಗಂಡನಿಂದಲೋ ಅಣ್ಣತಮ್ಮಂದಿರಿಂದಲೋ ತಪ್ಪಿಸಿಕೊಂಡು ಬಂದವರು. ಅದಕ್ಕೇ ಫೋನಿಗೆ ನಿಯಮ. ಯಾರು ಯಾರನ್ನು ಕೇಳಿದರೂ ಇದು ಹೊಲಿಗೆ ಕ್ಲಾಸು, ಆ ಹೆಸರಿನವರು ಇಲ್ಲಿ ಇಲ್ಲ ಅನ್ನಬೇಕು. ಕೇಳಿದವರು ಯಾರು, ಏನಂದರು, ನಂಬರ್ ಏನು ಅಂತ ಹಸಿರು ಪುಸ್ತಕದಲ್ಲಿ ಬರೆಯಬೇಕು. ಆಮೇಲೆ ಒಳಗೆ ಹೋಗಿ ಆ ಹೆಂಗಸಿಗೆ ಹೇಳಬೇಕು. ತಿರುಗಿ ಮಾತಾಡುವುದೋ ಬಿಡುವುದೋ ಅವಳ ಇಷ್ಟ. ಪುಸ್ತಕದ ಕೊನೆಯ ಖಾನೆಯ ಹೆಸರು 'ತಿಳಿಸಲಾಯಿತು'. ಅಲ್ಲಿ ಅವಳು ಸಹಿ ಹಾಕಬೇಕು, ಬರದಿದ್ದರೆ ಹೆಬ್ಬೆಟ್ಟು.

"ಇಲ್ಲ ಅನ್ನೋದು ಹೊರಗಿನೋರಿಗೆ. ಒಳಗಿನೋರಿಗೆ ಒಂದು ಮಾತೂ ಮುಚ್ಚಿಡೋ ಹಾಗಿಲ್ಲ, ತಿಳೀತಾ" ಅಂದರು ಮೇಡಂ.

ಇವತ್ತು ಮೂರು ಕರೆ. ಮೂರೂ ರಾಂಗ್ ನಂಬರ್. ಮೂರಕ್ಕೂ ಎದ್ದು ನಿಂತೇ ಮಾತಾಡಿದೆ.

ಬೆಳಿಗ್ಗೆ ಗುಡಿ ತಿರುವಿನವರೆಗೆ ಹೋದವಳು ಗ್ಯಾಸ್ ಆಫ್ ಮಾಡಿದ್ದೆನೋ ಇಲ್ಲವೋ ಅಂತ ವಾಪಸ್ ಬಂದೆ. ನಮ್ಮವರು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. "ನಿಂಗೆ ಶಾಂತಿ ಅಂತ ಹೆಸರಿಟ್ಟೋರನ್ನ ಹುಡುಕಿ ಒಂದು ಶಾಲು ಹೊದಿಸ್ಬೇಕು ಕಣೇ" ಅಂದರು. ಆಫ್ ಮಾಡಿಯೇ ಇತ್ತು.

ಆಗಸ್ಟ್ 6, ಗುರುವಾರ

ಹೊಸಬಳು ಬಂದಿದ್ದಾಳೆ. ಹೊಳೆವ್ವ. ಕೊಪ್ಪಳದ ಕಡೆಯವಳು, ಪೀಣ್ಯದಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದವಳು. ಎಡಗೈ ಮಣಿಕಟ್ಟಿಗೆ ಪಟ್ಟಿ. ಗಂಡ ನಿಂಗಪ್ಪ ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರುತ್ತಾನೆ. ಅವರ ಕಡೆ ನಾಗರ ಪಂಚಮಿಗೆ ಮಗಳನ್ನು ತವರಿಗೆ ಕರೆಸಿಕೊಳ್ಳುವುದಂತೆ, ಜೋಕಾಲಿ ಕಟ್ಟುವುದಂತೆ, ಉಂಡೆ ಕಟ್ಟುವುದಂತೆ. ಇವಳು ಹೋಗುತ್ತೇನೆ ಅಂದಳು. ಅವನು ಬೇಡ ಅಂದ. ಇವಳು ಚೀಲ ತುಂಬಿಕೊಂಡಳು. ಅವನು ಕೈ ತಿರುಚಿದ.

"ವಯಸ್ಸೆಷ್ಟಮ್ಮ" ಅಂದೆ, ಹೆಸರು ಬರೆದುಕೊಳ್ಳುವಾಗ.

"ಇಪ್ಪತ್ತು ನಡದೈತ್ರಿ."

ಲೆಕ್ಕ ಹಾಕಬಾರದು ಅಂದುಕೊಂಡೆ. ಹಾಕಿಬಿಟ್ಟೆ. ನನ್ನದೂ ಇದ್ದಿದ್ದರೆ ಈಗ ಇಪ್ಪತ್ತು. ಹನ್ನೊಂದು ದಿನ ಮಾತ್ರ ಬದುಕಿದ ಮಗುವಿಗೆ ಇಷ್ಟು ವರ್ಷ ಯಾಕೆ ಲೆಕ್ಕವೋ. ಆಸ್ಪತ್ರೆಯ ಚೀಟಿಯಲ್ಲಿ 'ಬೇಬಿ ಆಫ್ ಶಾಂತಿ' ಅಂತ ಇತ್ತು. ಬೇರೆ ಹೆಸರು ಇಡುವುದರೊಳಗೆ ಮುಗಿದಿತ್ತು.

ಆಗಸ್ಟ್ 13, ಗುರುವಾರ

ಒಂದೇ ಕೈಯಲ್ಲಿ ತಲೆ ಬಾಚಲು ಆಗುವುದಿಲ್ಲವಲ್ಲ. ಮಧ್ಯಾಹ್ನ ಊಟವಾದ ಮೇಲೆ ಹೊಳೆವ್ವನಿಗೆ ನಾನೇ ಎಣ್ಣೆ ಹಾಕಿ ಜಡೆ ಹೆಣೆಯುತ್ತೇನೆ. ಗಟ್ಟಿ ಕೂದಲು. ಹೆಣೆಯುವಷ್ಟು ಹೊತ್ತೂ ಬಾಯಿ ಸುಮ್ಮನಿರುವುದಿಲ್ಲ.

"ನಮ್ಮವ್ವ ಹಿಂಗ ಎಳೆಂಗಿಲ್ರಿ ಅಕ್ಕಾರ. ನೀವು ಹಗ್ಗ ಹೊಸದಂಗ ಎಳೀತೀರಿ."

"ಬಿಚ್ಚಿ ಹೋಗಬಾರದು ಅಂತ ಕಣಮ್ಮ."

"ಬಿಚ್ಚಿದ್ರ ಮತ್ತ ಹಾಕೂದಪ್ಪ. ಏನ್ ಕಸಬೈತಿ ನಮಗಿಲ್ಲಿ."

ಮೇಡಂ ಅವಳ ಅವ್ವನಿಗೆ ಕಾಗದ ಬರೆದು ಹಾಕಿದ್ದಾರೆ. ಊರಲ್ಲಿ ಅವ್ವನಿಗೆ ಫೋನಿಲ್ಲ. ಪೋಸ್ಟಿನವನೇ ಓದಿ ಹೇಳಬೇಕು. ಕಾಗದದಲ್ಲಿ ನಮ್ಮ ಫೋನ್ ನಂಬರ್ ಮಾತ್ರ, ವಿಳಾಸ ಬರೆಯುವುದಿಲ್ಲ. ನಿಂಗಪ್ಪನ ಮನೆಯವರೂ ಅದೇ ಊರಿನವರು, ಕಾಗದ ಯಾರ ಕೈಗೆ ಬೀಳುತ್ತದೋ.

ಫೋನ್ ರಿಂಗಾದಾಗಲೆಲ್ಲ ಹೊಳೆವ್ವ ಮೆಷಿನ್ ನಿಲ್ಲಿಸುತ್ತಾಳೆ. ನಾನು ಇಟ್ಟ ಮೇಲೆ ಶುರು ಮಾಡುತ್ತಾಳೆ.

ಆಗಸ್ಟ್ 22, ಶನಿವಾರ

ಗೌರಿ ಹಬ್ಬ. ನನ್ನ ತವರಿನಿಂದ ಬಾಗಿನ ಬರುವುದು ನಿಂತು ಆರು ವರ್ಷವಾಯಿತು. ಕೊಡುವವರೂ ಇಲ್ಲ. ಕೊಡಬೇಕಾದವಳೂ ನನಗಿಲ್ಲ. ಆದರೂ ಸಂತೆಯಲ್ಲಿ ಒಂದು ಡಜನ್ ಹಸಿರು ಗಾಜಿನ ಬಳೆ, ಒಂದು ರವಿಕೆ ಬಟ್ಟೆ ತೆಗೆದುಕೊಂಡೆ. ಯಾರಿಗೆ ಅಂತ ಅಂಗಡಿಯವನು ಕೇಳಿದ. ಅಳತೆ ಬೇಕಿತ್ತು ಅವನಿಗೆ. "ಮಗಳಿಗೆ" ಅಂದೆ. ಬಾಯಿಂದ ಬಂದುಬಿಟ್ಟಿತು. ಯಾರಾದರೂ ಪರಿಚಯದವರು ಕೇಳಿಸಿಕೊಂಡರೋ ಅಂತ ಮನೆಯವರೆಗೂ ಹಿಂದೆ ನೋಡಿಕೊಂಡೇ ಬಂದೆ.

ಹೊಳೆವ್ವನ ಬಲಗೈಗೆ ಬಳೆ ತೊಡಿಸಿದೆ. ಎಡಗೈಯದು ಪಟ್ಟಿ ಬಿಚ್ಚಿದ ಮೇಲೆ ಅಂತ ತೆಗೆದಿಟ್ಟಿದ್ದೇನೆ. "ಚಂದ ಅದಾವ್ರಿ" ಅಂದಳು. ಒಂದು ಸಲ ಕೈ ಅಲ್ಲಾಡಿಸಿ ನೋಡಿಕೊಂಡಳು. ಆಮೇಲೆ, "ನಮ್ಮವ್ವಗ ಕಾಗದ ಮುಟ್ಟಿರಬೇಕಲ್ರಿ ಇಷ್ಟೊತ್ತಿಗೆ" ಅಂದಳು.

ಆಗಸ್ಟ್ 27, ಗುರುವಾರ

ಇದನ್ನು ಸರಿಯಾಗಿ ಬರೆಯಬೇಕು.

ಬೆಳಿಗ್ಗೆ ಹನ್ನೊಂದಕ್ಕೆ ಫೋನು. ವಯಸ್ಸಾದ ಹೆಂಗಸಿನ ದನಿ, ಸ್ವಲ್ಪ ಒಡಕು, ಬಾವಿಯೊಳಗಿಂದ ಕೂಗಿದಂತೆ. "ಹೊಳೆವ್ವ ಅದಾಳೇನ್ರಿ. ನಾ ಅಕಿ ಅವ್ವ." ನಾನು ನಿಯಮದಂತೆ ಇಲ್ಲ ಅಂದೆ. "ಕಾಗದದಾಗ ಇದ ನಂಬರ್ ಐತಂತಲ್ರಿ" ಅಂದಳು. ಇದು ಹೊಲಿಗೆ ಕ್ಲಾಸಮ್ಮ ಅಂದೆ. ನಂಬರ್ ಕೇಳುವುದರೊಳಗೆ ಕಾಯಿನ್ ಮುಗಿದು ಕಟ್ಟಾಯಿತು.

ಮೇಡಂ ಇವತ್ತು ರಜ, ಅವರ ಮಗ ಋಷಿಕೇಶನ ಉಪನಯನ. ಹೊಳೆವ್ವ ಬಾತ್‌ರೂಮಿನಲ್ಲಿ ಬಟ್ಟೆ ಒಗೆಯುತ್ತಿದ್ದಳು, ಒಂದೇ ಕೈಯಲ್ಲಿ, ನಗುತ್ತಾ. ಅವಳಿಗೆ ರಿಂಗ್ ಕೇಳಿಸಿಲ್ಲ.

ಹೋದ ವರ್ಷ ಒಬ್ಬಳ ಅತ್ತೆ ತಾಯಿಯ ಹಾಗೆ ಮಾತಾಡಿ ಮೋಸ ಮಾಡಿದ್ದಳು. ಇದೂ ಹಾಗೇ ಇದ್ದರೆ. ನಂಬರ್ ಇಲ್ಲ ಅಂದ ಮೇಲೆ ಏನಂತ ಬರೆಯುವುದು. ನಾಳೆ ಮೇಡಂ ಬಂದ ಮೇಲೆ ಕೇಳಿ ಹೇಳಿದರಾಯಿತು.

ಆಗಸ್ಟ್ 28, ಶುಕ್ರವಾರ

ಮೇಡಂ ಬಂದಿದ್ದರು. ಉಪನಯನದ ಲಾಡು ಹಂಚಿದರು. ನಾನು ಫೋನಿನ ವಿಷಯ ಕೇಳಲಿಲ್ಲ. ಗ್ಯಾಸ್ ನೋಡಲು ಎರಡು ಸಲ ವಾಪಸ್ ಬಂದೆ.

ಸೆಪ್ಟೆಂಬರ್ 5, ಶನಿವಾರ

ಮತ್ತೆ ಬಂತು. ಅದೇ ದನಿ. ಈ ಸಲ ನಾನು ಇಲ್ಲ ಅಂದ ಮೇಲೂ ಅವಳು ಕೇಳಲಿಲ್ಲ, ಹೇಳಿದಳು. ಹೇಳಬೇಕು ಅಂತ ಮೊದಲೇ ಕೂಡಿಸಿಟ್ಟುಕೊಂಡು ಬಂದವಳ ಹಾಗೆ.

"ಇಲ್ಲಂದ್ರ ಇರಲಿ. ಬಂದ್ರ ಹೇಳ್ರಿ. ಈ ಅಮಾಸಿ ಮರುದಿನ ಮುಂಜಾನಿ ಯಶವಂತಪುರ ಟೇಸನ್‌ದಾಗ ಇಳೀತೀನಿ. ಸಂಜಿ ಗಾಡಿ ತನಕ ಅಲ್ಲೇ ಕುಂತಿರ್ತೀನಿ. ಅಕಿ ಬಂದ್ಲು ಅಂದ್ರ ಕರಕೊಂಡ ಹೋಕ್ಕೀನಿ. ಬರಲಿಲ್ಲಂದ್ರ ತಿಳಕೋತೀನಿ."

ಇಟ್ಟ ಮೇಲೆ ಪುಸ್ತಕ ತೆಗೆದೆ. ತಾರೀಖು ಬರೆದೆ. ಅಷ್ಟರಲ್ಲಿ ಹೊಳೆವ್ವ ಬಾಗಿಲಲ್ಲಿ ನಿಂತಿದ್ದಳು.

"ಯಾರ್ದ್ರಿ ಅಕ್ಕಾರ?"

"ರಾಂಗ್ ನಂಬರ್" ಅಂದೆ.

ಅವಳು ಹೋದ ಮೇಲೆ ತಾರೀಖನ್ನು ಹೊಡೆದುಹಾಕಿದೆ. ಯಾಕೆ ಹಾಗೆ ಮಾಡಿದೆ ಅಂತ ಇಲ್ಲಿ ಕೂತು ಯೋಚಿಸಿದೆ. ಯಶವಂತಪುರದಲ್ಲಿ ನಿಂಗಪ್ಪ ಇದ್ದಾನೆ, ಮಂಡಿ ಸ್ಟೇಷನ್ನಿಗೆ ಅಂಟಿಕೊಂಡೇ ಇದೆ. ಅಲ್ಲಿಗೆ ಹುಡುಗಿಯನ್ನು ಕಳಿಸುವುದು ಹೇಗೆ. ಅವಳ ಕ್ಷೇಮಕ್ಕೇ ಅಲ್ಲವೇ. ಕೈ ಇನ್ನೂ ಪೂರ್ತಿ ಕೂಡಿಲ್ಲ. ಇಲ್ಲಿ ಹೊತ್ತಿಗೆ ಸರಿಯಾಗಿ ಊಟ ಇದೆ, ತಲೆ ಬಾಚುವವರಿದ್ದಾರೆ.

ಸೆಪ್ಟೆಂಬರ್ 8, ಮಂಗಳವಾರ

ಹೊಳೆವ್ವನ ಪಟ್ಟಿ ಬಿಚ್ಚಿದರು. ಎಡಗೈಗೂ ಬಳೆ ತೊಡಿಸಿದೆ. ನಾನು ಕೊಟ್ಟ ಬಟ್ಟೆಯಲ್ಲಿ ರವಿಕೆ ಹೊಲಿಯುತ್ತಿದ್ದಾಳೆ. ನೋಡಿದರೆ ಅಳತೆ ನನ್ನದು. "ನಿಮಗ ಹೊಲಿಯಾಕತ್ತೀನ್ರಿ, ನನಗ ಬಣ್ಣ ಒಪ್ಪಂಗಿಲ್ಲ" ಅಂದಳು. ಅಳತೆ ಯಾವಾಗ ತೆಗೆದುಕೊಂಡೆ ಅಂದರೆ, "ಜಡಿ ಹಾಕೂವಾಗ ನೀವು ನನಗ ಆತು ಕುಂದರ್ತೀರಲ್ರಿ, ಬೆನ್ನಿಗೇ ಗೊತ್ತಾಗತೈತಿ" ಅಂತ ನಕ್ಕಳು.

ಸಂಜೆ ನಮ್ಮವರ ಹತ್ತಿರ ಮಾತು ತೆಗೆದೆ. ಹಿಂದಿನ ಕೋಣೆ ಖಾಲಿ ಬಿದ್ದಿದೆಯಲ್ಲ, ಆ ಹುಡುಗಿ ಬಂದು ಇದ್ದರೆ ಹೇಗೆ, ಹತ್ತಿರದಲ್ಲೇ ಗಾರ್ಮೆಂಟ್ಸ್ ಇದೆ.

ಅವರು ಮುದ್ದೆ ಮುರಿಯುತ್ತಿದ್ದವರು ನಿಲ್ಲಿಸಿದರು. "ಅವಳಿಗೆ ಅವ್ವ ಇದಾಳೆ ಅಂದಿದ್ದೆ."

"ಇದಾಳೆ."

"ಮತ್ತೆ?"

ಸಾರು ಬಡಿಸಿದೆ.

ಸೆಪ್ಟೆಂಬರ್ 15, ಮಂಗಳವಾರ

ಹೊಳೆವ್ವ ಮೇಡಂ ಹತ್ತಿರ ಹೋಗಿ, ಭಾನುವಾರ ಗಂಡನ ಹತ್ತಿರ ವಾಪಸ್ ಹೋಗುತ್ತೇನೆ ಅಂದಿದ್ದಾಳೆ.

ಮೇಡಂ ಒಂದು ಗಂಟೆ ಮಾತಾಡಿದರಂತೆ. ಆದರೆ ಹಿಡಿದು ಕೂರಿಸುವ ಹಾಗಿಲ್ಲ, ಅದೂ ನಿಯಮವೇ. ನಾನು ಜಡೆ ಹಾಕುವಾಗ ಕೇಳಿದೆ. ಕೈ ತಿರುಚಿದವನು ಮುಂದಿನ ಸಲ ಕತ್ತು ತಿರುಚುತ್ತಾನೆ ಕಣಮ್ಮ ಅಂದೆ.

"ತಿರುವ್ಲಿ ಬಿಡ್ರಿ" ಅಂದಳು. ಗೋಡೆ ನೋಡಿಕೊಂಡೇ. "ಕಾಗದ ಹಾಕಿ ತಿಂಗಳ ಮ್ಯಾಲಾತು. ನಮ್ಮವ್ವ ಒಂದ್ ಫೋನ್ ಮಾಡಲಿಲ್ಲ. ಗಂಡನ್ನ ಬಿಟ್ಟ ಬಂದಾಕಿ ಅಕಿಗೂ ಬ್ಯಾಡಾಗೀನಿ. ಯಾರಿಗೂ ಬ್ಯಾಡಾದಾಕಿ ಎಲ್ಲಿದ್ರೇನ್ರಿ."

ನಾನಿದ್ದೇನಲ್ಲ ಅಂತ ನಾಲಿಗೆ ತುದಿಗೆ ಬಂತು. ನಾನಿದ್ದದ್ದಕ್ಕೇ ಹೀಗಾಗಿದ್ದು.

ಜಡೆ ಸಡಿಲ ಬಂತು. ಬಿಚ್ಚಿ ಮತ್ತೆ ಹಾಕಿದೆ. ಮತ್ತೂ ಸಡಿಲ.

ಸೆಪ್ಟೆಂಬರ್ 18, ಶುಕ್ರವಾರ

ಮಹಾಲಯ ಅಮಾವಾಸ್ಯೆ. ಬೆಳಿಗ್ಗೆ ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟೆವು. ಮಾವನಿಗೆ ಬೀಡಿ, ಅತ್ತೆಗೆ ಎಲೆ ಅಡಿಕೆ, ನಮ್ಮವರ ಅಣ್ಣನಿಗೆ ಅವನಿಗಿಷ್ಟವಾದ ಕಜ್ಜಾಯ. ಒಬ್ಬೊಬ್ಬರ ಹೆಸರು ಹೇಳಿ ನೀರು ಬಿಡಬೇಕು. ಪ್ರತಿ ವರ್ಷ ಕೊನೆಯಲ್ಲಿ ನಾನು ಒಂದು ಗಳಿಗೆ ನಿಲ್ಲುತ್ತೇನೆ. ಹೆಸರಿಲ್ಲದ್ದಕ್ಕೆ ಎಡೆ ಇಡುವ ಪದ್ಧತಿ ಇಲ್ಲ.

ಇವತ್ತು ನಿಂತಾಗ ನನಗೆ ನೆನಪಾದದ್ದು ಮಗುವಲ್ಲ. ಆ ಒಡಕು ದನಿ. ನಾಳೆ ಬೆಳಿಗ್ಗೆ ಸ್ಟೇಷನ್ನಿನಲ್ಲಿ ಇಳಿದು ಸಂಜೆವರೆಗೆ ಕೂತು, 'ತಿಳಕೊಂಡು' ಹೋಗಿಬಿಡುತ್ತಾಳೆ. ಅವಳ ಮಗಳು ಇದ್ದಾಳೆ, ಹೆಸರಿದೆ, ಉಸಿರಾಡುತ್ತಿದ್ದಾಳೆ, ಆದರೂ ಇಲ್ಲ ಅಂತ ತಿಳಿದುಕೊಂಡು.

ಕೇಂದ್ರಕ್ಕೆ ಹೋದವಳೇ ಚಪ್ಪಲಿ ಬಿಡುವ ಮೊದಲೇ ಮೇಡಂ ರೂಮಿಗೆ ಹೋದೆ. ಹೊಳೆವ್ವನನ್ನೂ ಕರೆಸಿ ಅಂದೆ. ಇಬ್ಬರ ಮುಂದೆ ಹೇಳಿದೆ. ಎರಡು ಸಲ ಫೋನ್ ಬಂದದ್ದು, ರಾಂಗ್ ನಂಬರ್ ಅಂದದ್ದು, ತಾರೀಖು ಹೊಡೆದದ್ದು.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯಾಕೆ ಶಾಂತಿ?"

ಯಶವಂತಪುರ, ನಿಂಗಪ್ಪ, ಕ್ಷೇಮ ಅಂತ ಹೇಳಲು ಹೋದೆ. ಬರಲಿಲ್ಲ. "ಇವಳು ಇನ್ನೂ ಸ್ವಲ್ಪ ದಿನ ಇರಲಿ ಅಂತ" ಅಂದೆ.

ಹೊಳೆವ್ವ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಹತ್ತಿರ ಬಂದು, "ಏನಂದ್ಲು ನಮ್ಮವ್ವ, ಇದ್ದದ್ದು ಇದ್ದಂಗ ಹೇಳ್ರಿ" ಅಂದಳು. ಹೇಳಿದೆ. ಮತ್ತೆ ಹೇಳ್ರಿ ಅಂದಳು. ಮೂರು ಸಲ ಹೇಳಿಸಿದಳು. ಆಮೇಲೆ, "ದನಿ ಹೆಂಗಿತ್ರಿ. ನೆಗಡಿ ಆಗಿತ್ತೇನು" ಅಂತ ಕೇಳಿದಳು.

ಮೇಡಂ ಪುಸ್ತಕ ತರಿಸಿ ಎರಡೂ ಕರೆಗಳನ್ನು ನನ್ನ ಕೈಯಲ್ಲೇ, ನಿಜವಾದ ತಾರೀಖು ಹಾಕಿ ಬರೆಸಿದರು. ಕೊನೆಯ ಖಾನೆಯಲ್ಲಿ ಹೊಳೆವ್ವ ಸಹಿ ಹಾಕಿದಳು. "ಸೋಮವಾರದಿಂದ ಫೋನ್ ಹೊಸದಾಗಿ ಕೆಲಸಕ್ಕೆ ಸೇರಿರೋ ರಾಣಿಗೆ. ನೀನು ಅಡುಗೆಮನೆಗೆ. ಉಳಿದದ್ದು ಆಮೇಲೆ ನೋಡೋಣ" ಅಂದರು.

ಮಧ್ಯಾಹ್ನ ಹೊಳೆವ್ವ ತಾನೇ ತಲೆ ಬಾಚಿಕೊಂಡಳು.

ಸೆಪ್ಟೆಂಬರ್ 19, ಶನಿವಾರ

ಹೊಳೆವ್ವನನ್ನು ಸ್ಟೇಷನ್ನಿಗೆ ಕಳಿಸುವ ಹಾಗಿಲ್ಲ, ಮಂಡಿಯವರು ಯಾರು ನೋಡಿದರೂ ಕೆಟ್ಟಿತು. ಅವ್ವನ ಫೋಟೋ ಇಲ್ಲ. ಗುರುತು ಹೇಳು ಅಂದರೆ, "ಕರ್ರಗದಾಳ್ರಿ, ಇಳಕಲ್ ಸೀರಿ, ಹಣಿ ತುಂಬ ಕುಂಕುಮ" ಅಂದಳು. ಮೇಡಂ ನನ್ನ ಕಡೆ ನೋಡಿದರು. ಹೊಳೆವ್ವನನ್ನು ಬಿಟ್ಟರೆ ಆ ದನಿ ಕೇಳಿದವಳು ನಾನೊಬ್ಬಳೇ.

ಏಳು ಗಂಟೆಗೆ ಸ್ಟೇಷನ್ನಿನಲ್ಲಿದ್ದೆ. ಗಾಡಿ ಬಂತು. ಗಾಡಿಯಿಂದ ಇಳಿದ ಹೆಂಗಸರಲ್ಲಿ ಅರ್ಧ ಜನ ಕರ್ರಗೆ, ಇಳಕಲ್ ಸೀರೆ, ಹಣೆ ತುಂಬ ಕುಂಕುಮ. ಏನು ಮಾಡುವುದೋ ತೋಚಲಿಲ್ಲ. ಆಮೇಲೆ ಒಬ್ಬೊಬ್ಬರ ಹತ್ತಿರ ಹೋಗಿ ಟೈಮ್ ಕೇಳಲು ಶುರು ಮಾಡಿದೆ. ದನಿ ಕೇಳಬೇಕಿತ್ತಲ್ಲ. ಒಬ್ಬಳು ಎಂಟು ಅಂದಳು. ಒಬ್ಬಳು ದೊಡ್ಡ ಗಡಿಯಾರ ತೋರಿಸಿ ಕಣ್ ಕಾಣಲ್ವಾ ಅಂದಳು. ಒಬ್ಬಳು ಮೂಕಿಯ ಹಾಗೆ ತಲೆ ಅಲ್ಲಾಡಿಸಿದಳು. ಅವಳ ಪಕ್ಕದಲ್ಲೇ ಹತ್ತು ನಿಮಿಷ ನಿಂತೆ. ಕಡ್ಲೆಕಾಯಿ ಮಾರುವವನು, "ಏನಕ್ಕ, ಬೆಳಿಗ್ಗೆಯಿಂದ ಟೈಮ್ ಕೇಳ್ತಾನೇ ಇದೀಯ, ವಾಚ್ ತಗೊಳಕ್ಕ, ನೂರು ರೂಪಾಯಿಗೆ ಸಿಗುತ್ತೆ" ಅಂದ.

ಹನ್ನೊಂದೂವರೆಗೆ, ಪ್ಲಾಟ್‌ಫಾರ್ಮಿನ ಕೊನೆಯಲ್ಲಿ, ನಲ್ಲಿಯ ಪಕ್ಕ, ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಒಬ್ಬಳು ಕೂತಿದ್ದಳು. ಹೊಳೆವ್ವ ಹೇಳಿದಷ್ಟು ಕರ್ರಗಿರಲಿಲ್ಲ. ಇಳಕಲ್ ಸೀರೆಯೂ ಅಲ್ಲ.

"ಟೈಮ್ ಎಷ್ಟಾಯ್ತಮ್ಮ?"

"ನನ್ನ ಕೈಯಾಗ ಗಡಿಯಾರ ಎಲ್ಲೈತವ್ವಾ" ಅಂದಳು.

ಅದೇ ದನಿ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಕಲಿತುಕೊಂಡು ಬಂದಿದ್ದೆ, ಒಂದೂ ನೆನಪಿಲ್ಲ. ಅವಳೇ ನನ್ನನ್ನು ನೋಡಿದಳು. ತಲೆ ಒಂದು ಕಡೆಗೆ ವಾಲಿಸಿ.

"ಇನ್ನೊಮ್ಮೆ ಮಾತಾಡು" ಅಂದಳು.

"ಏನು ಮಾತಾಡ್ಲಮ್ಮ" ಅಂದೆ.

"ನೀ ಫೋನಿನಾಕಿ. ಇಲ್ಲ ಅಂದಾಕಿ."

ಹೌದು ಅಂದೆ. ಅವಳು ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಏಳಲಿಲ್ಲ. ಏಳಲು ಭಯವಾದವಳ ಹಾಗೆ ಕೂತೇ ಕೇಳಿದಳು.

"ಅದಾಳ?"

"ಇದಾಳೆ" ಅಂದೆ. ಆ ಫೋನ್ ಹಿಡಿದ ಮೇಲೆ ಹುಡುಕಿಕೊಂಡು ಕೇಳಿದ ಯಾರಿಗೂ ಈ ಮಾತನ್ನು ನಾನು ಅಂದಿರಲಿಲ್ಲ. "ಇದಾಳೆ, ಚೆನ್ನಾಗಿದಾಳೆ, ಕೈ ಕೂಡಿದೆ, ಊಟ ಮಾಡ್ತಾಳೆ, ಇದಾಳೆ" ಅಂತ ನಾಲ್ಕೈದು ಸಲ ಅಂದೆನೇನೋ.

ಆಟೋದಲ್ಲಿ ಅವಳು ಒಂದೇ ಮಾತು ಕೇಳಿದಳು. "ಎರಡೂ ಸಲ ಅಕಿ ಅಲ್ಲೇ ಇದ್ದಳೇನು?" ಹೂಂ ಅಂದೆ. ನಮ್ಮ ಕೇಂದ್ರವಿರುವ ಲಗ್ಗೆರೆ ಬರುವವರೆಗೂ ಹೊರಗೆ ನೋಡುತ್ತಿದ್ದಳು.

ಗೇಟಿನಲ್ಲಿ ಹೊಳೆವ್ವ ನಿಂತಿದ್ದಳು, ಹೊರಗೆ ಬರಬಾರದು ಅಂತ ಗ್ರಿಲ್ ಹಿಡಿದುಕೊಂಡು. ಅದನ್ನು ಬರೆಯುವುದಿಲ್ಲ. ಅವರಿಬ್ಬರದು ಅದು.

ಊರಿಗೆ ಬೇಡ, ತನ್ನ ತಮ್ಮನ ಊರಿಗೆ ಕರೆದುಕೊಂಡು ಹೋಗುತ್ತೇನೆ ಅಂದಳು ಅವ್ವ. ಗಾಡಿಗೂ ಬೇಡ, ಜಾಲಹಳ್ಳಿ ಕ್ರಾಸಿನಲ್ಲಿ ಬಸ್ ಹತ್ತಿಸಿದೆವು. ಬುತ್ತಿಗಂಟಿನಲ್ಲಿ ಪಂಚಮಿ ಉಂಡೆ ಇದ್ದವು, ಮಗಳಿಗೆ ಅಂತ ಆಗಿನಿಂದ ಡಬ್ಬಿಯಲ್ಲಿ ತೆಗೆದಿಟ್ಟದ್ದು, ಕಲ್ಲಾಗಿದ್ದವು. ಬಸ್ಸಿನ ಕಿಟಕಿಯಿಂದ ಅವ್ವ ಒಂದನ್ನು ನನ್ನ ಕೈಗೆ ಹಾಕಿದಳು. ಹೊಳೆವ್ವ ಬಳೆಯ ಕೈ ಕಿಟಕಿಯ ಮೇಲಿಟ್ಟಿದ್ದಳು. ಬೀಸಲಿಲ್ಲ. ಬಳೆ ಬಿಚ್ಚಿಯೂ ಇರಲಿಲ್ಲ.

ಸೆಪ್ಟೆಂಬರ್ 22, ಮಂಗಳವಾರ

ಮೆಷಿನ್ ಮೇಲೆ ರವಿಕೆ ಸಿಕ್ಕಿತು. ಮುಗಿದಿತ್ತು, ಗುಂಡಿ ಮಾತ್ರ ಬಾಕಿ. ಯಾವಾಗ ಮುಗಿಸಿದಳೋ. ಹೇಳುವ ಮೊದಲೋ, ಹೇಳಿದ ಮೇಲೋ. ಹಾಕಿಕೊಂಡು ನೋಡಿದೆ. ಸರಿಯಾಗಿದೆ.

ಉಂಡೆಯನ್ನು ಒಡೆಯಲು ಕಲ್ಲು ಬೇಕಾಯಿತು. ನಮ್ಮವರಿಗೆ ಅರ್ಧ ಕೊಟ್ಟೆ. "ಹಲ್ಲು ಹೋದ್ರೆ ನಿನ್ನ ಕೇಂದ್ರದೋರೇ ಕಟ್ಟಿಸ್ಕೊಡ್ಲಿ" ಅಂದರು.

ಅಕ್ಟೋಬರ್ 9, ಶುಕ್ರವಾರ

ಮಧ್ಯೆ ಏನೂ ಬರೆಯಲಿಲ್ಲ. ಅಡುಗೆ, ಕಸ, ಹನ್ನೆರಡು ಹೆಂಗಸರು. ಕೆಲಸದಿಂದ ತೆಗೆಯುವ ಮಾತನ್ನು ಮೇಡಂ ಎತ್ತಿಲ್ಲ. ಬೆಳಿಗ್ಗೆ ನಮ್ಮವರು, "ಏನೇ, ಗುಡಿ ತಿರುವಿನಿಂದ ವಾಪಸ್ ಬರೋದೇ ಬಿಟ್ಟಿದೀಯ" ಅಂದರು. ಹೌದೇ ಅಂತ ನನಗೇ ಅನ್ನಿಸಿತು. ಗ್ಯಾಸ್ ನೋಡದೆ ಎಷ್ಟು ದಿನವಾಯಿತೋ, ಅದೊಂದು ಯೋಚನೆಯಾಯಿತು.

ಮಧ್ಯಾಹ್ನ ನೆನೆಸಿದ ಅವರೆಕಾಳು ಹಿದುಕುತ್ತಿದ್ದೆ. ರಾಣಿ ಹಸಿರು ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಪಿಯುಸಿ ಓದಿದ ಹುಡುಗಿ, ಅಕ್ಷರ ಮುತ್ತಿನ ಹಾಗೆ.

"ಶಾಂತಕ್ಕ, ಒಂದು ಫೋನ್ ಬಂದಿತ್ತು. ಹೆಂಗಸು. ಶಾಂತಕ್ಕಾರು ಅದಾರೇನ್ರಿ ಅಂದ್ರು. ನಾನು ಆ ಹೆಸರಿನವರು ಇಲ್ಲಿ ಇಲ್ಲ ಅಂದೆ. ಸ್ಟಾಫ್ ಹೆಸರೂ ಹೇಳಬಾರದಲ್ವಾ? ಸರಿ ತಾನೆ?"

"ಸರಿ" ಅಂದೆ. "ದನಿ ಎಂಥದು? ವಯಸ್ಸಾದವರದಾ?"

"ಇಲ್ಲ, ಹುಡುಗಿ ದನಿ."

"ನಂಬರ್?"

"ಕಾಯಿನ್ ಬೂತು ಅನ್ಸತ್ತೆ. ಕೇಳೋದ್ರೊಳಗೆ ಕಟ್ಟಾಯ್ತು. ಹೇಳಿದ್ದನ್ನ ಹಾಗೇ ಬರ್ಕೊಂಡಿದೀನಿ."

ಕೈ ಒರೆಸಿಕೊಂಡು ಓದಿದೆ. 'ಇಲ್ಲಂದ್ರ ಇರಲಿ. ಇದ್ರ ಹೇಳ್ರಿ. ಪಂಚಮಿಗಿ ಜೋಕಾಲಿ ಕಟ್ಟತೀವಿ, ಬರ್ರಿ ಅಂತ.' ಊರಿನ ಹೆಸರು ಇಲ್ಲ.

ಪಂಚಮಿಗೆ ಇನ್ನೂ ಹತ್ತು ತಿಂಗಳಿದೆ. ಅಷ್ಟರೊಳಗೆ ಇನ್ನೊಂದು ಸಲ ಮಾಡುತ್ತಾಳೆ. ಮಾಡದೆಯೂ ಇರಬಹುದು. ಫೋನಿನ ಶಬ್ದ ಅಡುಗೆಮನೆಗೂ ಕೇಳಿಸುತ್ತದೆ, ಮಿಕ್ಸಿ ಹಾಕದಿದ್ದರೆ.

"ಇದಕ್ಕೆ ಸಹಿ ಬೇಕಾ ಅಕ್ಕ? ನೀವು ಸ್ಟಾಫ್ ಅಲ್ವಾ" ಅಂದಳು ರಾಣಿ.

ಕೊಡಮ್ಮ ಅಂದೆ. 'ತಿಳಿಸಲಾಯಿತು' ಖಾನೆಯಲ್ಲಿ ನನ್ನ ಹೆಸರು ಬರೆದೆ. ಕಾಳಿನ ಅಂಟು ಹತ್ತಿತು ಹಾಳೆಗೆ. ಅಕ್ಷರ ಕೂತಿದೆ.